ಕೌದಿಯೊಳಗಿನ ಸ್ಲೀಪರು

ಕುರ್ಲಾ, ಮುಂಬಯಿ
ಮಂಗಳವಾರ, 24 ಜೂನ್ 2025

ಪ್ರೀತಿಯ ಅವ್ವಾ,

ನೀನು ಮಾಡಿದ ಕೆಲಸದ ಮೇಲೆ ಬೇರೆಯವರ ಹೆಸರು ಬಿದ್ದಿದೆ. ಇದು ಅನ್ಯಾಯ. ಬೇರೇನು ಬರೆಯುವುದಕ್ಕೂ ಮೊದಲು ಇದನ್ನು ಬರೆದುಬಿಡಬೇಕು ಅನ್ನಿಸಿತು, ಬರೆದೆ. ಈಗ ಕೇಳುತ್ತೇನೆ, ನಿನ್ನ ಮೊಣಕಾಲು ಹೇಗಿದೆ? ವಾಡಿಯ ಬಿಸಿಲು ಇಳಿಯಿತೆ? ಕೂಸು ಹಗಲೆಲ್ಲ ಮಲಗಿ ರಾತ್ರಿ ಅಕ್ಕನನ್ನು ಎಬ್ಬಿಸುವುದನ್ನು ಬಿಟ್ಟಿತೆ? ಇಲ್ಲಿ ಅಪ್ಪ ಆರಾಮ ಇದ್ದಾನೆ. ನೀನು ಬರುವವರೆಗೆ ಅನ್ನ ಮಾಡುವುದು ತನ್ನ ಕೆಲಸ ಎಂದು ಹಟ ಹಿಡಿದಿದ್ದಾನೆ. ದಿನಾ ಗಂಜಿ ಉಣ್ಣುತ್ತೇವೆ, ಇಬ್ಬರೂ ಅದನ್ನು ಅನ್ನ ಎಂದೇ ಕರೆಯುತ್ತೇವೆ. ಫೋನ್ ಇರುವಾಗ ಪತ್ರ ಯಾಕೆ ಎಂದು ಅಕ್ಕ ನಗುತ್ತಿರಬಹುದು. ಫೋನಿನಲ್ಲಿ ನಾನು ಜೋರು ಮಾಡುತ್ತೇನೆ, ನೀನು "ಇರ್ಲಿ ಬಿಡ ನನ್ನವ್ವ" ಅಂದು ಇಟ್ಟುಬಿಡುತ್ತೀಯ. ಪತ್ರವನ್ನು ಹಾಗೆ ಇಡಲು ಬರುವುದಿಲ್ಲ, ಅಕ್ಕ ಕೊನೆಯವರೆಗೂ ಓದಿ ಹೇಳುತ್ತಾಳೆ. ಅಕ್ಕಾ, ನಾನು ಸಿಟ್ಟು ಮಾಡಿದ ಕಡೆ ನೀನೂ ದನಿ ಏರಿಸಬೇಡ, ಕೂಸು ಎದ್ದೀತು.

ಅಕ್ಕನಿಗೆ ತಿಳಿಯಲೆಂದು ಮೊದಲಿನಿಂದ ಹೇಳುತ್ತೇನೆ. ರೈಲುಗಾಡಿ ಒಂದು ದಾರಿಯಿಂದ ಇನ್ನೊಂದಕ್ಕೆ ಹೊರಳುವ ಜಾಗಕ್ಕೆ ಪಾಯಿಂಟ್ ಅನ್ನುತ್ತಾರೆ. ಅಲ್ಲಿ ತುದಿ ಚೂಪಾದ ಎರಡು ಹಳಿಗಳು ಅತ್ತಿತ್ತ ಸರಿಯುತ್ತವೆ. ಅವನ್ನು ಸರಿಸುವ ಕಬ್ಬಿಣದ ಸರಳುಗಳು ಹಳಿಗಳ ಕೆಳಗೆ ಅಡ್ಡ ಹಾಸಿದ ಎರಡು ಸ್ಲೀಪರುಗಳ ನಡುವಿನ ಸಂದಿನಲ್ಲಿ ಬಯಲಿಗೆ ಬಿದ್ದಿರುತ್ತವೆ. ಸರಳು ಆಡಬೇಕಲ್ಲ, ಹಾಗಾಗಿ ಆ ಸಂದಿನಲ್ಲಿ ಖಡಿಕಲ್ಲು ಗಟ್ಟಿಯಾಗಿ ತುಂಬುವಂತಿಲ್ಲ. ಖಡಿ ಸಡಿಲವಾದ ಕಡೆ ಸ್ಲೀಪರು ಕುಸಿಯುತ್ತದೆ. ಅವ್ವ ಈಗ ನಾವಿಬ್ಬರೂ ದುಡಿಯುವ ವರ್ಕ್‌ಶಾಪಿಗೆ ಬರುವ ಮೊದಲು ಹನ್ನೊಂದು ಮಳೆಗಾಲ ಗುತ್ತಿಗೆಯ ಗ್ಯಾಂಗಿನಲ್ಲಿ ಇಂಥ ಸಂದುಗಳಿಂದ ಗುಟ್ಕಾ ಚೀಟಿ, ಹಾಲಿನ ಪಾಕೀಟು, ತೆಂಗಿನ ಕರಟ ತೆಗೆದವಳು. ಹೋದ ವರ್ಷ ನಮ್ಮ ಸೇಠ್ ಪೊಳ್ಳು ಸ್ಲೀಪರು ಮಾಡಿಸಿದ. ಅದೊಂದು ಉದ್ದನೆಯ ಕಬ್ಬಿಣದ ಪೆಟ್ಟಿಗೆ. ಸರಳು ಅದರ ಹೊಟ್ಟೆಯೊಳಗೆ ಹಾಯುತ್ತದೆ, ಎರಡೂ ಬದಿಗೆ ಖಡಿಯನ್ನು ಬಿಗಿಯಾಗಿ ತುಂಬಬಹುದು. ಹೊರದೇಶಗಳಲ್ಲಿ ಇಂಥವು ಮೊದಲೇ ಇವೆಯಂತೆ. ಆದರೆ ನಮ್ಮ ಹಿಂದಿನ ಅಂಗಳದ ಪರೀಕ್ಷೆಯ ಪಾಯಿಂಟಿನಲ್ಲಿ ಕೂರಿಸಿ ಒಂದು ಮಳೆ ಬಿದ್ದದ್ದೇ ತಡ, ಒಳಗೆ ಕೆಸರು ಕಸ ತುಂಬಿ ಸರಳು ಕಚ್ಚಿಕೊಂಡಿತು. ಮುಚ್ಚಳ ಬಿಚ್ಚಲು ವೆಲ್ಡರ್ ಬಂಡೆಪ್ಪ ಕಾಕಾ ಸೇರಿ ನಾಲ್ಕು ಜನಕ್ಕೆ ಅರ್ಧ ದಿನ ಹಿಡಿಯಿತು. ಅವ್ವಾ, ನೀನು ಗ್ರೀಸಿನ ಡಬ್ಬ ಹಿಡಿದು ದೂರ ನಿಂತವಳು ಒಂದೇ ಮಾತು ಅಂದಿದ್ದೆ: "ಬೂದಿ ಬೀಳಾಕ ಜಾಗಾ ಇಲ್ದ ಇದ್ದಲಿ ಶೇಗಡಿ ಯಾರರ ಮಾಡ್ತಾರೇನು?"

ಯಾರೂ ಕೇಳಿಸಿಕೊಳ್ಳಲಿಲ್ಲ, ನಾನೂ ಕೂಡ. ದೀಪಾವಳಿಯ ಹೊತ್ತಿಗೆ ನೀನು ಹುಟ್ಟಲಿರುವ ಅಕ್ಕನ ಕೂಸಿಗೆಂದು ಕೌದಿ ಹಿಡಿದು ಕೂತೆ. ನಿನಗೆ ಪೆನ್ಸಿಲಿನಿಂದ ಗೆರೆ ಎಳೆದು ತೋರಿಸಲು ಬರುವುದಿಲ್ಲ, ಸೂಜಿಯಲ್ಲಿ ತೋರಿಸಿದೆ. ಅಪ್ಪನ ಹಳೆಯ ಲುಂಗಿಯಿಂದ ಸ್ಲೀಪರುಗಳು, ನನ್ನ ಮುನಸಿಪಾಲ್ಟಿ ಶಾಲೆಯ ನೀಲಿ ಸ್ಕರ್ಟಿನಿಂದ ಹಳಿಗಳು. ಒಂದು ಸ್ಲೀಪರನ್ನು ಮಾತ್ರ ಲಂಗದ ಲಾಡಿ ಹಾಯುವ ಮಡಿಕೆಯ ಹಾಗೆ ಪೊಳ್ಳಾಗಿ ಹೊಲಿದು ಒಳಗೆ ಲಾಡಿ ಪೋಣಿಸಿದೆ; ಎಳೆದರೆ ನೀಲಿ ಹಳಿಗಳ ತುದಿ ಎರಡೂ ಒಟ್ಟಿಗೆ ಸರಿಯುತ್ತಿದ್ದವು. ಅದರ ತಳಕ್ಕೆ ಕಸ ಕೆಳಗೆ ಬೀಳಲು ಅಂಗಿಯ ಗುಂಡಿಮನೆಯಂಥ ಸೀಳುಗಳು, ಬದಿಗೆ ಕೊಕ್ಕೆ ಹಾಕಿ ಗೀರಿ ತೆಗೆಯಲು ಒಂದು ಬಾಯಿ. ಮಳೆಯಲ್ಲಿ ಒಬ್ಬ ಹೆಂಗಸು, ಒಂದು ಕೊಕ್ಕೆ, ಎರಡು ನಿಮಿಷ ಸಾಕಾಗಬೇಕು ಅನ್ನುವುದಷ್ಟೇ ನಿನ್ನ ಲೆಕ್ಕ. ಸ್ಟೇಷನ್ನಿನ ಸೇತುವೆಯ ಮೇಲೆ ಹಂಚುವ ಕರಪತ್ರಗಳಲ್ಲಿ, ಯಂತ್ರವನ್ನು ಬಲ್ಲವರು ದುಡಿಯುವವರೇ ಎಂದು ನಾನು ಎಷ್ಟು ಸಲ ಓದಿದ್ದೇನೆ, ಕೆಳಗೆ ಗೆರೆ ಎಳೆದಿದ್ದೇನೆ. ಬಲ್ಲವಳೊಬ್ಬಳು ನನ್ನ ಪಕ್ಕದಲ್ಲೇ ಕೂತು ಹಲ್ಲಿನಿಂದ ದಾರ ಕಡಿಯುತ್ತಿದ್ದಾಳೆ ಎಂದು ಕಾಣಲು ನನಗೆ ಐದು ತಿಂಗಳು ಬೇಕಾಯಿತು.

ಕಂಡ ಮೇಲೆ ನಾನು ಸುಮ್ಮನಿರಲಿಲ್ಲ. ಏಪ್ರಿಲಿನಲ್ಲಿ ನಿನ್ನ ಕೌದಿಯನ್ನು ನೋಡಿ ಕಾಗದದ ಮೇಲೆ ಚಿತ್ರ ತೆಗೆದು ಸೂಪರ್‌ವೈಸರ್ ಮೋನಪ್ಪ ಸರ್‌ಗೆ ಕೊಟ್ಟೆ. ನೀನು ಕೌದಿ ಮಡಿಚಿಕೊಂಡು ಅಕ್ಕನ ಬಾಣಂತನಕ್ಕೆ ವಾಡಿಗೆ ಹೋದೆ. ಹೋದ ಗುರುವಾರ ನಾನು ಸ್ಟೋರ್ ಖೋಲಿಯಿಂದ ಹೊರಗೆ ಬಂದರೆ ಗೋಡೆಯ ಮೇಲೆ ಹೊಸ ಸ್ಲೀಪರಿನ ನಕ್ಷೆ ಅಂಟಿಸಿದ್ದರು. ಕೆಳಗೆ ಮೂಲೆಯಲ್ಲಿ, ಸೂಚಿಸಿದವರು: ಮೋನಪ್ಪ. ಇದು ಬರೀ ಹೆಸರಿನ ಮಾತಲ್ಲ ಅವ್ವಾ. ಈ ಸ್ಲೀಪರು ಪಾಸಾದರೆ, ಯಾರ ಹೆಸರಿದೆಯೋ ಅವರನ್ನು ಪರೀಕ್ಷೆಯ ವಿಭಾಗಕ್ಕೆ ಖಾಯಂ ಆಗಿ ತೆಗೆದುಕೊಳ್ಳುತ್ತೇನೆಂದು ಸೇಠ್ ಎಲ್ಲರೆದುರು ಹೇಳಿದ್ದಾನೆ. ಮೋನಪ್ಪ ಸರ್ ಖಾಯಂ ಇದ್ದವರೇ. ನೀನು ಗುತ್ತಿಗೆಯವಳು, ಯಾವ ತಿಂಗಳು ಬೇಕಾದರೂ ನಾಳೆಯಿಂದ ಬರಬೇಡ ಅನ್ನಬಹುದಾದವಳು. ಊಟದ ಹೊತ್ತಿಗೆ ಎಲ್ಲರ ನಡುವೆ ನಿಂತು ನಾನು ಅವರನ್ನು ಕಳ್ಳ ಅಂದೆ. ಕರಪತ್ರದ ಮಾತುಗಳನ್ನೂ ಒಂದಿಷ್ಟು ಅಂದೆ. ಅವರು ಕಾರ್ಕಳ ಕಡೆಯವರು, ಸಿಟ್ಟಾದರೂ ದನಿ ಏರುವುದಿಲ್ಲ. ಡಬ್ಬಿಯ ಮುಚ್ಚಳ ಹಾಕಿ, "ಭಾಷಣ ಮುಗಿಯಿತಾ ಮಾರಾಯ್ತಿ? ಹಾಗಾದ್ರೆ ಬಾ, ನಿನಗೊಂದು ಕಾಗದ ತೋರಿಸ್ತೇನೆ" ಅಂದರು. ಆ ಕಾಗದದ ವಿಷಯ ಕೊನೆಗೆ ಹೇಳುತ್ತೇನೆ, ಈಗ ಬರೆಯಲು ಕೈ ಬರುತ್ತಿಲ್ಲ.

ಅಲ್ಲಿಂದ ಹಿಂದಿನ ಅಂಗಳಕ್ಕೆ ಕರೆದುಕೊಂಡು ಹೋದರು. ನನ್ನ ಚಿತ್ರದಂತೆ ಮಾಡಿದ ಸ್ಲೀಪರಿಗೆ ಕಸ ಕಲಸಿದ ನೀರನ್ನು ಬಕೆಟ್‌ಗಟ್ಟಲೆ ಸುರಿದಿದ್ದರು, ಅದು ಮತ್ತೆ ಕಟ್ಟಿಕೊಂಡಿತ್ತು. ಬಂಡೆಪ್ಪ ಕಾಕಾ ಅದರ ತಳ ನೋಡಿ ನನ್ನ ಕಡೆ ತಿರುಗಿದ. "ನಿಮ್ಮವ್ವ ಸೋಮಕ್ಕ ಇಷ್ಟು ಸಾಲಾಗಿ ಹೊಲಿದಿದ್ದಿಲ್ಲಲ್ಲ ತಂಗಿ. ಸಾಲಿ ಕಲ್ತಾಕಿ ಅಂತ ನೀ ಏನರ ತಿದ್ದೀದಿ ಏನು?" ಹೌದು, ತಿದ್ದಿದ್ದೆ. ನಿನ್ನ ಕೌದಿಯಲ್ಲಿ ಸೀಳುಗಳು ನೀಲಿ ಹಳಿಗಳ ಕೆಳಗೆ ಒತ್ತೊತ್ತಾಗಿ, ನಡುವೆ ಒಂದೋ ಎರಡೋ ಇದ್ದವು. ನಿನ್ನ ಸೂಜಿ ತಪ್ಪಿದೆ ಎಂದುಕೊಂಡು ನಾನು ಅಳತೆಪಟ್ಟಿ ಇಟ್ಟು ಎಲ್ಲವನ್ನೂ ಸಮಾನ ದೂರಕ್ಕೆ ಹಾಕಿದ್ದೆ. ಕಸ ಬೀಳುವುದು ಸರಿಯುವ ಹಳಿಯ ಕೆಳಗೆ ಎಂದು ಹನ್ನೊಂದು ಮಳೆಗಾಲ ಬಗ್ಗಿದವಳಿಗೆ ಗೊತ್ತು, ಪಟ್ಟಿಗೆ ಏನು ಗೊತ್ತು. ಅಂದೇ ಅಕ್ಕನಿಗೆ ಕೌದಿಯ ಫೋಟೋ ಕಳಿಸು ಅಂದೆ. ಅದರಲ್ಲಿ ಕೂಸು ಸರಿಯಾಗಿ ಆ ಸ್ಲೀಪರಿನ ಮೇಲೆಯೇ ಕಾಲು ಚಾಚಿ ಮಲಗಿತ್ತು. ಮೋನಪ್ಪ ಸರ್ ಕನ್ನಡಕ ಏರಿಸಿ ನೋಡಿ, "ಲೈನ್ ಬ್ಲಾಕ್ ಆಗಿದೆ" ಅಂದರು. ಅವರನ್ನು ಕಳ್ಳ ಅಂದಿದ್ದನ್ನು ಮರೆತು ನಾನು ನಕ್ಕುಬಿಟ್ಟೆ. ಕೂಸನ್ನು ಸರಿಸಿ ತೆಗೆದ ಫೋಟೋ ಮರುದಿನ ಬಂತು. ಬಂಡೆಪ್ಪ ಕಾಕಾ ಅದನ್ನು ನೋಡಿ ಸೀಳು ಹೊಡೆದ. ನಿನ್ನೆ ಸುರಿದ ಮಳೆಯಲ್ಲಿ ಎಲ್ಲರೂ ತಲೆಯ ಮೇಲೆ ಗೋಣಿ ಹಾಕಿಕೊಂಡು ನಿಂತು ನೋಡಿದೆವು. ಕಸ ಇಳಿಯಿತು. ಇಪ್ಪತ್ತು ಸಲ ಸರಳು ಎಳೆದರು, ಇಪ್ಪತ್ತು ಸಲವೂ ಹಳಿ ಸರಿಯಿತು. ನಿನ್ನ ಶೇಗಡಿ ಹೊತ್ತಿಕೊಂಡಿತು ಅವ್ವಾ.

ಜುಲೈ ಐದರಂದು ಈ ಸ್ಲೀಪರು ಕೊಳ್ಳುವವರು ನೋಡಲು ಬರುತ್ತಾರೆ. ಯಾಕೆ ಹೀಗೆ, ಕೊಕ್ಕೆ ಹಾಕುವ ಬಾಯಿ ಯಾಕೆ ಎಡಕ್ಕೆ ಎಂದೆಲ್ಲ ಕೇಳುತ್ತಾರೆ. ಅದಕ್ಕೆ ಉತ್ತರ ನಮ್ಮ ಯಾರ ಹತ್ತಿರವೂ ಇಲ್ಲ. ಮೋನಪ್ಪ ಸರ್ ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ: "ಸೋಮವ್ವ ಬಂದು ಅಲ್ಲಿ ನಿಂತು ಹೇಳ್ಲಿ. ನನ್ನ ಹೆಸರು ನಾನೇ ಹೊಡೆದುಹಾಕ್ತೇನೆ. ಅವಳು ಬಾರದಿದ್ರೆ ಸೇಠ್ ನಂಬುದಿಲ್ಲ." ನನಗ್ಯಾಕ ಹೆಸರು ಎಂದು ನೀನು ಅನ್ನುತ್ತೀಯ, ಗೊತ್ತು. ಗ್ಯಾಂಗಿನ ಹಾಜರಿ ಪುಸ್ತಕದಲ್ಲಿ ನಿಮ್ಮನ್ನು ದಿನಾ 'ಹೆಂಗಸರು ಆರು' ಎಂದಷ್ಟೇ ಬರೆಯುತ್ತಿದ್ದರು ಎಂದು ನೀನೇ ಒಮ್ಮೆ ಹೇಳಿದ್ದೆ. ಹೇಳಿ ನಕ್ಕಿದ್ದೆ. ನನಗೆ ಇವತ್ತಿಗೂ ನಗು ಬಂದಿಲ್ಲ. ಎರಡು ದಿನದ ಮಾತು, ಅಕ್ಕನ ಹತ್ತಿರ ಅವಳ ಅತ್ತೆ ಇದ್ದಾರೆ. ಕೌದಿಯನ್ನು ಕೈಯಲ್ಲಿ ಹಿಡಿದು ಬಾ; ಲಾಡಿ ಎಳೆದು ತೋರಿಸುವುದು ಫೋಟೋದಿಂದ ಆಗುವುದಿಲ್ಲ. ಕೂಸು ಎಷ್ಟು ಸಲ ಒದ್ದೆ ಮಾಡಿದ್ದರೂ ಒಗೆಯಬೇಡ, ಹೊಲಿಗೆ ಬಿಟ್ಟೀತು. ಬಿಸಿಲಿಗೆ ಹಾಕಿದರೆ ಸಾಕು.

ಅಣವೀರಪ್ಪ ಭಾವನವರಿಗೂ ಅತ್ತೆಯವರಿಗೂ ನನ್ನ ನಮಸ್ಕಾರ ತಿಳಿಸು. ಕೂಸಿನ ಎರಡೂ ಅಂಗಾಲಿಗೆ ಒಂದೊಂದು ಮುತ್ತು. ಅಪ್ಪ ಬಾಗಿಲಲ್ಲಿ ನಿಂತು, ನಾನು ಕೇಳಿದೆ ಅಂತ ಬರಿ ಅನ್ನುತ್ತಿದ್ದಾನೆ.

ನಿನ್ನ ಮಗಳು,
ಸೋನಾಲಿ

ತಾ.ಕ.: ಅಕ್ಕಾ, ಇದನ್ನು ಮೆಲ್ಲಗೆ ಓದು. ಮೋನಪ್ಪ ಸರ್ ತೋರಿಸಿದ್ದು ನಾನು ಕೊಟ್ಟ ಕಾಗದವನ್ನೇ. ಸೂಚಿಸಿದವರು ಎಂಬಲ್ಲಿ ನಾನು ನಿನ್ನ ಹೆಸರು ಬರೆದಿರಲಿಲ್ಲ ಅವ್ವಾ. 'ದುಡಿಯುವ ಎಲ್ಲ ಕೈಗಳು' ಎಂದು ಬರೆದಿದ್ದೆ. ಅಂದು ಅದು ದೊಡ್ಡ ಮಾತು ಅನ್ನಿಸಿತ್ತು. ಯಾರದು ಎಂದು ಅವರು ಎರಡು ಸಲ ಕೇಳಿದರು, ಎರಡು ಸಲವೂ ನಾನು ಎಲ್ಲರದು ಎಂದು ಭಾಷಣ ಮಾಡಿದೆ. ಹೆಸರಿಲ್ಲದ ಕಾಗದವನ್ನು ಆಫೀಸು ಹಿಂದಕ್ಕೆ ಕಳಿಸಿತು, ಅವರು ತಮ್ಮದನ್ನು ಹಾಕಿದರು. ಹಾಕಿದ್ದು ಅವರ ತಪ್ಪೇ. ಆದರೆ 'ಹೆಂಗಸರು ಆರು' ಎಂದು ಬರೆದವನ ಹಾಗೆ ಮೊದಲು ನಿನ್ನನ್ನು ಬಿಟ್ಟು ಬರೆದವಳು ನಾನು. ಅವರ ಕ್ಷಮೆ ಕೇಳಿದ್ದೇನೆ. ನಿನ್ನದನ್ನು ಎದುರಿಗೆ ಕೇಳಬೇಕು. ಹೊಸ ಕಾಗದ ತಂದಿಟ್ಟಿದ್ದೇನೆ, ಸೋಮವ್ವ ಎಂದು ನೀನೇ ನಿನ್ನ ಕೈಯಿಂದ ಬರಿ, ಮೂರೇ ಅಕ್ಷರ, ನಾನು ಕಲಿಸುತ್ತೇನೆ. ಶನಿವಾರ, ಜುಲೈ ಐದು, ಬೆಳಿಗ್ಗೆ ಒಂಬತ್ತು ಗಂಟೆಗೆ ಕುರ್ಲಾ ಸ್ಟೇಷನ್ನಿನ ಪಶ್ಚಿಮದ ಟಿಕೆಟ್ ಖಿಡಕಿಯ ಹತ್ತಿರ ನಿಂತಿರುತ್ತೇನೆ.