ಬೆನ್ನ ಮೇಲೆ ಅತ್ತೆ

ಮಾರ್ಚ್ ೧೪, ಗುರುವಾರ

ಸೊಂಟ ಇವತ್ತೂ ಹಿಡಿದುಕೊಂಡಿದೆ. ಸ್ಕ್ಯಾನಿನಲ್ಲಿ ಏನೂ ಇಲ್ಲ, ಮನಸ್ಸಿನ ನೋವೂ ಮೈಗಿಳಿಯುತ್ತದೆ ಎಂದರು ಡಾಕ್ಟರು. ಇರಬಹುದು. ಹಾಸಿಗೆ ಹಿಡಿದಿದ್ದ ಅತ್ತೆಯನ್ನು ದಿನಾ ಎತ್ತಿ ಕೂರಿಸುತ್ತಿದ್ದವಳು ನಾನೇ. ಅವರು ಹೋಗಿ ವರ್ಷವಾಯಿತು. ಕನಸಿನಲ್ಲಿ ಮಾತ್ರ ಇನ್ನೂ ಎತ್ತುತ್ತಲೇ ಇದ್ದೇನೆ.

ಬೆಳಗಿನ ಜಾವ ಅವರನ್ನು ಬೆನ್ನ ಮೇಲೆ ಹೊತ್ತು ಆಸ್ಪತ್ರೆಯ ಮೆಟ್ಟಿಲು ಹತ್ತುತ್ತಿದ್ದೆ. "ಇಳಿಸಮ್ಮ, ನಾನೇ ನಡೀತೀನಿ," ಅಂದರು. "ಸುಮ್ನಿರಿ ಅತ್ತೆ, ಬಿದ್ದುಬಿಡ್ತೀರಿ," ಅಂದೆ. ಇಳಿಸಲಿಲ್ಲ. ಎಚ್ಚರವಾದಾಗ ಸೊಂಟ ಕೊರಡಾಗಿತ್ತು.

ತಿಂಡಿಗೆ ಕೂತಾಗ ಕನಸನ್ನು ಇವರಿಗೆ ಹೇಳಿದೆ. ಇವರು ನನ್ನ ನೋವಿನ ಮಾತೇ ಎತ್ತಲಿಲ್ಲ. "ಅಮ್ಮ ಹೇಗಿದ್ಲು?" ಅಂತ ಕೇಳಿದರು, ಮಗುವಿನ ಹಾಗೆ.

ಬೆನ್ನ ಮೇಲಿದ್ದವರ ಮುಖ ನನಗೆಲ್ಲಿ ಕಾಣಬೇಕು? "ನಗ್ತಾ ಇದ್ರು," ಅಂದುಬಿಟ್ಟೆ. ಇವರ ಕಣ್ಣು ತುಂಬಿ ಬಂತು. ನನಗೆ ಅಳು ಬರಲಿಲ್ಲ. ಬಿಸಿನೀರಿನ ಚೀಲ ಆರುತ್ತಿದೆ, ಮಲಗಬೇಕು.