ಟಿಂಕರ್ಸ್ ದ್ವೀಪದ ಸಂಜೆ ವಾರ್ತೆ

ಟಿಂಕರ್ಸ್ ದ್ವೀಪ, ನ್ಯೂಫೌಂಡ್‌ಲೆಂಡ್
೧೭ ಸೆಪ್ಟೆಂಬರ್ ೨೦೨೩, ಭಾನುವಾರ

ಪ್ರೀತಿಯ ಎಫಿ,

ನಿನಗೆ ನನ್ನ ಮೇಲೆ ಎರಡು ವರ್ಷದಿಂದ ಕೋಪ ಇದೆ, ಗೊತ್ತು. ಕಳೆದ ಕ್ರಿಸ್‌ಮಸ್ಸಿಗೆ ನೀನು ಕಳಿಸಿದ ಕಾರ್ಡಿನಲ್ಲಿ ನಿನ್ನ ಹೆಸರು ಬಿಟ್ಟರೆ ಒಂದಕ್ಷರ ಇರಲಿಲ್ಲ. ಆದರೂ ಬರೆಯುತ್ತಿದ್ದೇನೆ. ನಿನ್ನ ಅಣ್ಣ ಸೆಲ್ಬಿಯದೂ ನನ್ನದೂ ಜಗಳದ ವಿಷಯ ನೀನಿರುವ ಆಲ್ಬರ್ಟಾದವರೆಗೂ ಮುಟ್ಟಿದೆಯಂತೆ. ಅಷ್ಟು ದೂರ ಹೋಗುವಷ್ಟರಲ್ಲಿ ಅದು, ಸೆಲ್ಬಿ ನನ್ನ ಮುಖಕ್ಕೆ ಮೀನು ಎಸೆದ ಎಂದು ಆಗಿಬಿಟ್ಟಿದೆಯಂತೆ. ಎಸೆಯಲಿಲ್ಲ ಮಾರಾಯ್ತಿ. ಮೀನು ಅವನ ಕೈಯಿಂದ ಜಾರಿತು. ನಡೆದದ್ದನ್ನು ನಡೆದ ಹಾಗೇ ಹೇಳುತ್ತೇನೆ, ಕೇಳು.

ನಾವು ಬೇರೆಯಾದದ್ದು ಯಾಕೆ ಎಂದು ನಿನಗೆ ಅವನು ಏನು ಹೇಳಿದ್ದಾನೋ ತಿಳಿಯದು. ನಾನು ಅಡುಗೆಮನೆಯ ಮೇಜಿನ ಮುಂದೆ ಕೂತು 'ಬಂದರು ಸುದ್ದಿ' ಎಂಬ ಅಂತರ್ಜಾಲ ಪತ್ರಿಕೆ ನಡೆಸುತ್ತೇನಲ್ಲ, ಅವನು ಅದೇ ಊರಿಗೆ ಎಲ್ಲರೂ ಫೋಟೊ, ಸಮಾಚಾರ ಹಂಚಿಕೊಳ್ಳುವ ಆ ದೊಡ್ಡ ಜಾಲತಾಣದಲ್ಲಿ ಹರಟೆಯ ಪುಟ ನಡೆಸುತ್ತಾನೆ. ಒಂದು ದಿನ ಅವನು ಮುದುಕ ಆಂಬ್ರೋಸ್ ತೀರಿಕೊಂಡನೆಂದು ಹಾಕಿಬಿಟ್ಟ. ಆಂಬ್ರೋಸ್ ಹರ್ನಿಯಾ ಆಪರೇಷನ್ ಮಾಡಿಸಿಕೊಂಡು ಮನೆಗೆ ಬಂದರೆ ಬಾಗಿಲಲ್ಲಿ ಹೂವಿನ ಚಕ್ರಗಳು, ಜಗುಲಿಯ ತುಂಬ ನೆರೆಯವರು ತಂದಿಟ್ಟ ಸಾವಿನ ಮನೆಯ ಊಟ! ನಾನು ಮಾರನೆಯ ದಿನವೇ ಬರೆದೆ: ಆಂಬ್ರೋಸ್ ಬದುಕಿದ್ದಾರೆ, ಸುಳ್ಳು ಸುದ್ದಿ ಹರಡಿದವರು ಸೆಲ್ಬಿ ರೈಡ್‌ಔಟ್.

"ಇಲ್ಲೇ ಹೇಳಿದ್ರೆ ಆಗ್ತಿರ್ಲಿಲ್ವಾ? ಊರಿಗೆಲ್ಲ ಡಂಗುರ ಸಾರ್ಬೇಕಿತ್ತಾ?" ಎಂದ ನಿನ್ನ ಅಣ್ಣ. "ನೀನು ಸಾರಿದ್ದು ಊರಿಗೆ ತಾನೆ? ತಿದ್ದೋದೂ ಊರಿಗೇ," ಎಂದೆ. ಅವನು ಹಾಸಿಗೆ ಸುತ್ತಿಕೊಂಡು, ದಕ್ಕೆಯ ಮೇಲೆ ಬಲೆ ಇಡುವ ಬಲೆಮನೆಗೆ ಹೋದವನು ಅಲ್ಲೇ ಉಳಿದ. ನಾನು ಬರೆದದ್ದರಲ್ಲಿ ತಪ್ಪೇನೂ ಇಲ್ಲ, ಇವತ್ತಿಗೂ ಅದನ್ನೇ ಹೇಳುತ್ತೇನೆ.

ಈ ಬೇಸಿಗೆ ಏನಾಯಿತು ನಿನಗೂ ಗೊತ್ತು. ಜನರಿಗೆ ಸುದ್ದಿ ತೋರಿಸಿ ದುಡ್ಡು ಮಾಡುವ ಜಾಲತಾಣಗಳು ಪತ್ರಿಕೆಗಳಿಗೂ ಪಾಲು ಕೊಡಬೇಕು ಎಂದು ರಾಜಧಾನಿ ಒಟ್ಟಾವದಲ್ಲಿ ಕಾನೂನು ಮಾಡಿದರು. ಹಾಗಾದರೆ ಕೆನಡಾದಲ್ಲಿ ಸುದ್ದಿಯನ್ನೇ ತೋರಿಸುವುದಿಲ್ಲ ಎಂದಿತು ಆ ದೊಡ್ಡ ಜಾಲತಾಣದ ಕಂಪನಿ. ಕಾನೂನಿನ ಉದ್ದೇಶ ಕೆಟ್ಟದ್ದೆಂದು ನಾನು ಹೇಳುವುದಿಲ್ಲ; ನನ್ನಂಥವರಿಗಾಗಿಯೇ ಮಾಡಿದ್ದು. ಆದರೆ ಒಂದು ಬೆಳಿಗ್ಗೆ ಎದ್ದು ನೋಡಿದರೆ ನನ್ನ ಪತ್ರಿಕೆಯ ಪುಟ ಅಲ್ಲಿ ಖಾಲಿ. ಲಿಂಕ್ ಹಾಕಿದರೆ ನಿಲ್ಲುವುದಿಲ್ಲ. ನಮ್ಮೂರಿನವರು ನನ್ನ ಸುದ್ದಿ ಓದುತ್ತಿದ್ದದ್ದೆಲ್ಲ ಆ ದಾರಿಯಿಂದಲೇ. ಓದುಗರು ಕರಗಿ, ಕೊನೆಗೆ ಬೆಳಗಿನ ಜಾವ ಬಂದು ಎಲ್ಲವನ್ನೂ ಓದಿ ಹೋಗುವ ಯಾರೋ ಒಬ್ಬರು ಉಳಿದರು. ನಾನು ಆ ಒಬ್ಬರಿಗಾಗಿ ಬರೆಯುತ್ತಾ ಕೂತೆ. ಸೆಲ್ಬಿಯ ಪುಟಕ್ಕೆ ಮಾತ್ರ ಏನೂ ಆಗಲಿಲ್ಲ. ಅದರಲ್ಲಿ ಸುದ್ದಿ ಎಂಬುದೇ ಇಲ್ಲವಲ್ಲ, ತಡೆಯುವುದಕ್ಕೆ!

ಆಗಸ್ಟ್ ಕೊನೆಯಲ್ಲಿ ಸಾರಿಗೆ ಇಲಾಖೆಯ ಪ್ರಕಟಣೆ ಬಂತು. ಚಳಿಗಾಲದಲ್ಲಿ ನಮ್ಮ ಫೆರಿ ದೋಣಿಯನ್ನು ವಾರಕ್ಕೆ ಒಂದೇ ಸಲ ಬಿಡುವ ಯೋಚನೆ ಇದೆ, ಜನರ ಅಭಿಪ್ರಾಯ ಕೇಳಲು ಸೆಪ್ಟೆಂಬರ್ ೬ರ ಬುಧವಾರ ಚರ್ಚ್ ಹಾಲ್‌ನಲ್ಲಿ ಸಭೆ ಎಂದು. ವಾರಕ್ಕೆ ಒಂದು ಫೆರಿ ಎಂದರೆ ಏನು ಎಂದು ಇಲ್ಲೇ ಹುಟ್ಟಿದ ನಿನಗೆ ನಾನು ಹೇಳಬೇಕೆ? ಬಸುರಿಯರೂ ರೋಗಿಗಳೂ ಸಾಮಾನು ಕಟ್ಟಿಕೊಂಡು ಆಚೆ ದಡಕ್ಕೆ ಹೋಗಿಬಿಡಬೇಕು. ಮತ್ತೆ ಶಾಲೆ, ಅಂಗಡಿ, ಒಂದೊಂದಾಗಿ ಎಲ್ಲ ಹೋಗುತ್ತದೆ. ನಾನು ದೊಡ್ಡದಾಗಿ ಬರೆದೆ. ಯಾರಿಗೂ ಕಾಣಲಿಲ್ಲ. ಅಷ್ಟರಲ್ಲಿ ಆಂಬ್ರೋಸ್ ಅದೆಲ್ಲಿ ಏನು ಕೇಳಿಸಿಕೊಂಡನೋ, ಸಭೆ ಅಕ್ಟೋಬರಿಗೆ ಹೋಯಿತು ಎಂದು ಸೆಲ್ಬಿಯ ಪುಟದಲ್ಲಿ ಹಾಕಿದ. ನಾನು ಮನೆ ಮನೆಗೆ ಫೋನ್ ಮಾಡಿದೆ. "ಇಲ್ಲ ಡಾರ್ಕಸ್, ಮುಂದಕ್ಕೆ ಹೋಗಿದೆ. ಪುಟದಲ್ಲೇ ಬಂದಿದ್ಯಲ್ಲ," ಎಂದು ಎಲ್ಲರೂ ನನಗೇ ತಿಳಿಹೇಳಿದರು. ಸಭೆಯ ಹಾಲ್ ಖಾಲಿ ಇದ್ದರೆ ನಮಗೆ ಫೆರಿ ಬೇಡವೆಂದೇ ಇಲಾಖೆಯವರು ಬರೆದುಕೊಳ್ಳುತ್ತಿದ್ದರು.

ಮಂಗಳವಾರ ಸಂಜೆ ನನ್ನ ವರದಿಯ ಹಾಳೆ ಹಿಡಿದುಕೊಂಡು ಬಲೆಮನೆಗೆ ಹೋದೆ. ಎರಡು ವರ್ಷದಲ್ಲಿ ಮೊದಲ ಸಲ. ನಿನ್ನ ಅಣ್ಣ ಕಾಡ್ ಮೀನು ಸೀಳುತ್ತಿದ್ದ.

"ಯಾರು ಸತ್ರು?" ಎಂದ.

"ಯಾರೂ ಸತ್ತಿಲ್ಲ. ನೀನು ಹಾಕ್ಬೇಡ," ಎಂದು ವಿಷಯ ಹೇಳಿದೆ.

ಅವನು ಚಾಕು ಕೆಳಗಿಟ್ಟ. ಆಂಬ್ರೋಸ್ ಹಾಕಿದ್ದನ್ನು ಅಳಿಸಿ, ನನ್ನ ಲಿಂಕ್ ಹಾಕಿ ನೋಡಿದ. ನಿಲ್ಲಲಿಲ್ಲ. "ಲಿಂಕ್ ತಾನೆ ತಡೆಯೋದು? ನನ್ನ ಬಾಯಿ ತಡೀತಾರಾ? ಕೊಡಿಲ್ಲಿ, ಓದ್ತೀನಿ," ಎಂದವನೇ ಫೋನನ್ನು ಉಪ್ಪಿನ ಪೀಪಾಯಿಯ ಮೇಲೆ ನಿಲ್ಲಿಸಿ ನೇರಪ್ರಸಾರ ಶುರು ಮಾಡಿಯೇಬಿಟ್ಟ. ಒಂದು ಕೈಯಲ್ಲಿ ನಾನು ಬರೆದ ಹಾಳೆ, ಇನ್ನೊಂದರಲ್ಲಿ ಮರೆತು ಹಾಗೇ ಎತ್ತಿಕೊಂಡ ಮೀನು.

"ಬುಧವಾರ ಸಂಜೆ ಏಳಕ್ಕೆ ಚರ್ಚ್ ಹಾಲ್‌ನಲ್ಲಿ ಸಭೆ," ಎಂದು ಓದಿದ. ಅಲ್ಲಿಗೆ ಬಿಡಲಿಲ್ಲ. "ಸಭೆಗೆ ಬರ್ದೇ ಇದ್ರೆ, ಜನವರಿಲಿ ನಿಮ್ಮನ್ನ ತಿಮಿಂಗಿಲ ಬಂದು ಆಸ್ಪತ್ರೆಗೆ ಹೊತ್ಕೊಂಡ್ ಹೋಗತ್ತೆ, ಕಾಯ್ತಾ ಇರಿ."

"ಅದು ಅದ್ರಲ್ಲಿಲ್ಲ ಸೆಲ್ಬಿ! ಬರ್ದಷ್ಟು ಓದು."

"ಬರ್ದಷ್ಟೇ ಓದಿದ್ರೆ ಕೇಳೋರು ಗೊರಕೆ ಹೊಡೀತಾರೆ ಕಣೇ."

"ನನ್ನ ಪತ್ರಿಕೆ ಒಂದ್ಸಲಾನಾದ್ರೂ ಓದಿದ್ರೆ ಮಾತಾಡು!"

"ದಿನಾ ಓದ್ತೀನಿ."

"ಸುಳ್ಳು. ಅದು ಎಲ್ಲೂ ಕಾಣಿಸ್ತಾನೇ ಇಲ್ಲ."

"ವಿಳಾಸ ಹೊಡ್ದು ನೆಟ್ಟಗೆ ಅಲ್ಲಿಗೇ ಹೋಗ್ತೀನಿ. ಬಲೆ ಎಳಿಯಕ್ಕೆ ಹೋಗೋ ಮುಂಚೆ. ಮೊನ್ನೆ ಹಿಮಕರಡಿ ಬಗ್ಗೆ ಬರ್ದಿದ್ಯಲ್ಲ, ಅದ್ರಲ್ಲಿ ಎರಡು ಕಾಗುಣಿತ ತಪ್ಪಿತ್ತು."

ಬೆಳಗಿನ ಜಾವದ ಆ ಓದುಗ ಯಾರೋ ಮೇಷ್ಟ್ರಿರಬೇಕು ಎಂದುಕೊಂಡಿದ್ದೆ, ಎಫಿ. ನನ್ನ ಕಣ್ಣಲ್ಲಿ ನೀರು ನೋಡಿ ಅವನು ಗಾಬರಿಯಾದ. ಮೀನು ಜಾರಿ ನನ್ನ ಬೂಟಿನ ಮೇಲೆ ಬಿತ್ತು. ಎತ್ತಲು ಇಬ್ಬರೂ ಒಟ್ಟಿಗೆ ಬಗ್ಗಿ ತಲೆ ಢಿಕ್ಕಿ ಹೊಡೆದುಕೊಂಡೆವು. ನಕ್ಕು ನಕ್ಕು ನನಗೆ ಉಸಿರು ಹಿಡಿದುಕೊಂಡಿತು. ಫೋನಿನಲ್ಲಿ ನೇರಪ್ರಸಾರ ಇನ್ನೂ ನಡೆಯುತ್ತಲೇ ಇದ್ದದ್ದು ಆಮೇಲೆ ಕಾಣಿಸಿತು.

ಆ ಜಗಳವನ್ನು ನೋಡದ ಮನೆ ದ್ವೀಪದಲ್ಲಿ ಇರಲಿಲ್ಲ. ಬುಧವಾರ ಚರ್ಚ್ ಹಾಲ್‌ನೊಳಗೆ ಜಾಗ ಸಾಲದೆ ಜನ ಕಿಟಕಿಯಾಚೆ ನಿಂತರು. ಇಲಾಖೆಯಿಂದ ಬಂದದ್ದು ಒಬ್ಬ ಚಿಕ್ಕ ವಯಸ್ಸಿನ ಅಧಿಕಾರಿಣಿ. ಬಾಗಿಲಲ್ಲೇ ನಿಂತು, ಒಳಗೆ ಮದುವೆ ಏನಾದರೂ ಇದೆಯಾ ಎಂದು ಕೇಳಿದಳು. ಎಲ್ಲರೂ ಮಾತಾಡಿದರು. ಕೊನೆಗೆ ಆಂಬ್ರೋಸ್ ಕೋಲು ಊರಿ ಎದ್ದ. "ತಾಯಿ, ನಾನು ಈ ಊರಿನ ಪುಟದಲ್ಲಿ ಒಂದ್ಸಲ ಆಗ್ಲೇ ಸತ್ತಿದೀನಿ. ಫೆರಿ ಇಲ್ದೆ ಇನ್ನೊಂದ್ಸಲ ಸಾಯಕ್ಕೆ ನನ್ನಿಂದಾಗಲ್ಲ," ಎಂದ. ಅವಳು ಬರೆದುಕೊಳ್ಳುವುದನ್ನು ನಿಲ್ಲಿಸಿ ನಕ್ಕಳು.

ಮೊನ್ನೆ ಶುಕ್ರವಾರ ಉತ್ತರ ಬಂತು. ಫೆರಿ ಈಗಿರುವಂತೆಯೇ ಇರುತ್ತದೆ, ಚಳಿಗಾಲಕ್ಕೂ. ನಾನೇ ಓಡಿಹೋಗಿ ದಕ್ಕೆಯ ಗಂಟೆ ಬಾರಿಸಿದೆ. ಅಕಾರ್ಡಿಯನ್ ಬಂತು, ಕುಣಿತ ಆಯಿತು. ಆಂಬ್ರೋಸ್ ಕೂಡ ಕುಣಿದ, ಎರಡು ವರ್ಷದ ಹಿಂದಿನ ಹೊಲಿಗೆ ಬಿಚ್ಚೀತು ಎಂದು ಹೆಂಗಸರು ಕೂಗುತ್ತಿದ್ದರೂ.

ಈಗ ದಿನಾ ಸಂಜೆ ನಮ್ಮಿಬ್ಬರ ವಾರ್ತೆ ನಡೆಯುತ್ತದೆ. ಅವನು ಓದುತ್ತಾನೆ, ಇಲ್ಲದ್ದನ್ನು ಸೇರಿಸುತ್ತಾನೆ, ನಾನು ಪಕ್ಕದಲ್ಲಿ ಕೂತು ಅಲ್ಲೇ ತಿದ್ದುತ್ತೇನೆ. ಇದನ್ನೂ ಸುದ್ದಿ ಎಂದು ತಡೆದುಬಿಟ್ಟರೆ ಎಂಬ ಹೆದರಿಕೆಯಿಂದ ಸೇಂಟ್ ಜಾನ್ಸಿನ ಒಬ್ಬ ವಕೀಲೆಯನ್ನು ಕೇಳಿದೆ. ಅವರು ಒಂದು ದಿನದ ಪ್ರಸಾರ ಪೂರ್ತಿ ನೋಡಿ, ಮುಂದೆ ಹೇಗೋ ಹೇಳಲಾರೆ, ಸದ್ಯಕ್ಕಂತೂ ಇದನ್ನು ನೋಡಿದವರು ಗಂಡ ಹೆಂಡಿರ ಜಗಳ ಎಂದೇ ತಿಳಿಯುತ್ತಾರೆ, ಧೈರ್ಯವಾಗಿರಿ ಎಂದರು. ಫೀಸು ತೆಗೆದುಕೊಳ್ಳಲಿಲ್ಲ. ಇಷ್ಟಾದರೂ ಪತ್ರಿಕೆಯ ವಿಳಾಸವನ್ನು ದಿನವೂ ಹೇಳಿಕೊಡುತ್ತೇವೆ. ಜನ ಈಗ ನೇರವಾಗಿಯೇ ಬರಲು ಕಲಿತಿದ್ದಾರೆ. ಬೇರೆಯವರ ಬಾಗಿಲಿನಿಂದ ನಮ್ಮ ಮನೆಗೆ ಬರುವುದು ಎಷ್ಟು ದಿನ ನಡೆದೀತು ಹೇಳು.

ನಿನ್ನ ಅಣ್ಣ ಆರೋಗ್ಯವಾಗಿದ್ದಾನೆ, ಸುಖವಾಗಿದ್ದಾನೆ. ನಮ್ಮ ನಡುವೆ ಇರುವುದು ಪತ್ರಿಕೆಯ ಕೆಲಸ ಅಷ್ಟೇ. ಊರಿನವರು ಏನೇನೋ ಹೇಳುತ್ತಾರೆ, ನಂಬಬೇಡ. ನೀನು ಬಿಡುವು ಮಾಡಿಕೊಂಡು ಬಾ. ಈ ವರ್ಷ ಕೆಂಪು ಹಣ್ಣಿನ ಜಾಮ್ ಬಹಳ ಚೆನ್ನಾಗಿ ಬಂದಿದೆ.

ಇನ್ನೂ ನಿನ್ನ ಅತ್ತಿಗೆಯೇ ಆಗಿರುವ,
ಡಾರ್ಕಸ್

ಮರೆತದ್ದು: ಇನ್ನು ಮುಂದೆ ಸೆಲ್ಬಿಗೆ ಕಾಗದ ಬರೆದರೆ ನನ್ನ ಮನೆಯ ವಿಳಾಸಕ್ಕೇ ಬರಿ. ಗುರುವಾರ ಹಾಸಿಗೆ ಸುತ್ತಿಕೊಂಡು ಬಂದ. ಬಲೆಮನೆಯ ಒಲೆ ಕೆಟ್ಟಿದೆಯಂತೆ, ಚಳಿ ತಡೆಯಲಾಗುವುದಿಲ್ಲವಂತೆ. ಅವನು ದೋಣಿಗೆ ಹೋದಾಗ ನಾನು ಹೋಗಿ ಹಚ್ಚಿ ನೋಡಿದೆ. ಒಲೆ ಚೆನ್ನಾಗಿಯೇ ಉರಿಯುತ್ತದೆ. ಅವನಿಗೆ ಹೇಳಬೇಡ.