ಅಪ್ಪನ ಹೆಸರಿನ ಜಾಮೀನು

ವಾಮದಪದವು
18 ನವೆಂಬರ್ 2024

ಪ್ರೀತಿಯ ಸಂದೇಶಣ್ಣನಿಗೆ,

ನಾವೆಲ್ಲ ಸೌಖ್ಯ. ಮೂಡುಬಿದಿರೆಯಲ್ಲಿ ನೀನೂ ಅತ್ತಿಗೆಯೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ದೀಪಾವಳಿಗೆ ನೀನು ಬರಲಿಲ್ಲ, ನಾನೂ ಬರೆಯಲಿಲ್ಲ. ತಡವಾದದ್ದಕ್ಕೆ ಬೈಯಬೇಡ. ಫೋನಿನಲ್ಲಾದರೆ ಎರಡು ಮಾತಿಗೇ ನನಗೆ ಬೆವರು ಬರುತ್ತದೆ, ನಿನಗೆ ಗೊತ್ತಲ್ಲ. ಕಾಗದದಲ್ಲಿ ಯಾರೂ ನಡುವೆ ಬಾಯಿ ಹಾಕುವುದಿಲ್ಲ.

ಬೆಳ್ತಂಗಡಿ ಕಡೆಯ ಒಂದು ಶಾಲೆಯ ದಾರಿಯಲ್ಲಿ ಹಳ್ಳ ದಾಟಲು ಕಾಲುಸಂಕ ಕಟ್ಟುವ ಟೆಂಡರ್ ಅಪ್ಪನ ಹೆಸರಿಗೆ ಆಯಿತು. ಮೂವತ್ತು ವರ್ಷ ಸುಧಾಕರ ಧನಿಗಳ ಲೈಸೆನ್ಸಿನಲ್ಲಿ ಮೋರಿ, ಸಂಕ ಕಟ್ಟಿದ ಮೇಸ್ತ್ರಿಗೆ ಐವತ್ತೆಂಟನೆಯ ವಯಸ್ಸಿನಲ್ಲಿ ಸ್ವಂತ ಲೈಸೆನ್ಸ್. ಧನಿಗಳಲ್ಲೇ ನಿನಗೆ ಇಂಜಿನಿಯರ್ ಕೆಲಸ ಎಂಬುದು ನೆನಪಿದೆ. ಆದರೂ ಬರೆಯುತ್ತೇನೆ.

ಟೆಂಡರ್ ಆದರೆ ಸಾಲದು. ಮೇಸ್ತ್ರಿ ಕೆಲಸ ಅರ್ಧಕ್ಕೆ ಬಿಟ್ಟರೆ ನಷ್ಟ ತುಂಬಿಕೊಡುತ್ತೇವೆ ಎಂದು ವಿಮಾ ಕಂಪೆನಿಯೊಂದು ಬರೆದುಕೊಡಬೇಕು. ಅದೇ ಶ್ಯೂರಿಟಿ ಬಾಂಡ್. ಹದಿನೈದು ದಿನದೊಳಗೆ ಅದು ಸಿಗದಿದ್ದರೆ ಟೆಂಡರ್ ರದ್ದು, ಅಪ್ಪ ಪುನಃ ಧನಿಗಳ ಮೇಸ್ತ್ರಿ.

ನಾನು ಬಂಟ್ವಾಳದ ಬಿ.ಸಿ. ರೋಡಿನ ಅಬ್ದುಲ್ಲಾಕನ ಕಚೇರಿಗೆ ಝೆರಾಕ್ಸ್ ತೆಗೆಯಲು ಸೇರಿದವಳು. ಹೊಸ ಗುತ್ತಿಗೆದಾರರಿಗೆ ಇಂಥ ಬಾಂಡ್ ಮಾಡಿಸಿಕೊಡುವುದೇ ಅವರ ಕೆಲಸ. ಈಗ ಅರ್ಜಿ ತುಂಬುವವಳೂ ನಾನೇ. ಏಳನೇ ಕ್ಲಾಸಿನವಳೆಂದು ನೀನು ನಗಬಹುದು, ನಗು. ಈ ವರ್ಷ ಹನ್ನೊಂದು ಮಂದಿಗೆ ಮಾಡಿಸಿಕೊಟ್ಟಿದ್ದೇವೆ. ಒಂದು ಅರ್ಜಿಯೂ ವಾಪಸು ಬಂದಿರಲಿಲ್ಲ. ಅಪ್ಪನದ್ದು ಬಂತು. ‘ಅರ್ಜಿದಾರರಿಗೆ ಅನುಭವವಿಲ್ಲ.’

ಕಾರಣ ಅಪ್ಪನೇ. ಹಿಂದಿನ ಕೆಲಸಗಳ ಪಟ್ಟಿಯನ್ನು ತಾನೇ ಬರೆಯುತ್ತೇನೆಂದು ಹಟ ಹಿಡಿದಿದ್ದರು. ‘ಕೆಲಸ ಮಾಡಿದವರು’ ಎಂಬಲ್ಲಿ ಮೂರು ಸಾಲಿಗೂ ‘ಸುಧಾಕರ ಧನಿಗಳು’ ಎಂದು ಬರೆದು, ನನಗೆ ತೋರಿಸದೆ ಲಕೋಟೆ ಅಂಟಿಸಿಬಿಟ್ಟಿದ್ದರು.

“ಎಂತ ಅಪ್ಪ ಇದು?” ಎಂದು ಕೇಳಿದೆ.

“ಧನಿಗಳ ಕೆಲಸವನ್ನು ನಾನು ಮಾಡಿದ್ದು ಅಂತ ಬರೆಯುದಾ? ಬಾಯಲ್ಲಿ ಹುಳ ಬಿದ್ದೀತು.”

ಅಮ್ಮ ಒಳಗಿನಿಂದ, “ಕಲ್ಲು ಹೊತ್ತ ಬೆನ್ನು ಸಹ ಧನಿಗಳದ್ದಾ? ಎಣ್ಣೆ ತಿಕ್ಲಿಕ್ಕೆ ಮಾತ್ರ ನಾನಾ?” ಎಂದರು.

ಉಳಿದದ್ದು ಆರು ದಿನ. ಅಬ್ದುಲ್ಲಾಕ ಕನ್ನಡಕ ತೆಗೆದಿಟ್ಟು, “ಇಲ್ಲದ ಕಾಗದ ಹುಟ್ಟಿಸ್ಲಿಕ್ಕೆ ನನಗೆ ಬರುದಿಲ್ಲ, ಮೋಕ್ಷಿತಾ. ಕಂಪೆನಿಯವರನ್ನೇ ನಿನ್ನ ಅಪ್ಪ ಕಟ್ಟಿದ ಮೋರಿಯ ಹತ್ತಿರ ಕರ್ಕೊಂಡು ಹೋಗುವ” ಎಂದರು. ಅವರು ನಾಲ್ಕು ಸಲ ಫೋನ್ ಮಾಡಿದ ಮೇಲೆ ಮಂಗಳೂರಿನಿಂದ ಸಾತ್ವಿಕಾ ಎಂಬ ಅಧಿಕಾರಿ ಜೀಪಿನಲ್ಲಿ ಬಂದರು. ಎಲ್ಲರೂ ಆ ಮೋರಿ ಇರುವ ಕನ್ಯಾನಕ್ಕೆ ಹೋದೆವು.

ಮೋರಿಯ ಹತ್ತಿರ ಅಪ್ಪ ತಲೆಗೆ ಸುತ್ತಿದ್ದ ಬೈರಾಸು ತೆಗೆದು ಕೈ ಕಟ್ಟಿ ದೂರ ನಿಂತರು. ಹಳೆಯ ನಕ್ಷೆ ಬಿಡಿಸಿಕೊಂಡು ಮೇಡಂ, “ಇದನ್ನು ನೀವು ಕಟ್ಟಿದ್ದಾ?” ಎಂದು ಕೇಳಿದರೆ, “ಧನಿಗಳು...” ಎಂದು ಶುರು ಮಾಡಿದರು. ಆಗ ನಾನು ಮಾತಾಡಿದೆ, ಅಣ್ಣ.

“ಮೇಡಂ, ಯಾರು ಕಟ್ಟಿದ್ದು ಅಂತ ಕೇಳ್ಬೇಡಿ. ಅಡಿಯಲ್ಲಿ ಎಂತ ಉಂಟು ಅಂತ ಕೇಳಿ.”

ಕೇಳಿದರು. ಅಪ್ಪ ಕಟ್ಟಿದ ಕೈ ಬಿಚ್ಚಿದರು. “ಎಡದ ಗೋಡೆಯ ಬುಡದಲ್ಲಿ ಒರತೆ ಉಂಟು. ನಕ್ಷೆಯಲ್ಲಿ ಅಡಿಪಾಯದ ಅಗಲ ಒಂದೂವರೆ ಅಡಿ. ಅದು ನಿಲ್ಲುದಿಲ್ಲ ಅಂತ ಎರಡೂವರೆ ಹಾಕಿದ್ದೇನೆ. ಬಿಲ್ಲಿನಲ್ಲಿ ಅದು ಇಲ್ಲ.”

ಅಬ್ದುಲ್ಲಾಕನೂ ನಾನೂ ಹಾರೆಯಿಂದ ಮಣ್ಣು ಸರಿಸಿದೆವು. ಮೇಡಂ ಚಪ್ಪಲಿ ಬಿಟ್ಟು ನೀರಿಗಿಳಿದು ಟೇಪು ಹಿಡಿದರು. ಎರಡೂವರೆ. ನಂಬಿಕೆ ಬಾರದೆ ಇನ್ನೆರಡು ಕಡೆ ಅಳೆದರು. ಅಲ್ಲಿಯೂ ಎರಡೂವರೆ.

“ದುಡ್ಡು ಸಿಗುವುದಿಲ್ಲವಲ್ಲ, ಹೆಚ್ಚು ಯಾಕೆ ಹಾಕಿದಿರಿ?”

“ನೀರು ನಕ್ಷೆ ನೋಡಿ ಬರುದಿಲ್ಲ, ಮೇಡಂ.”

ಮೊನ್ನೆ ಬಾಂಡ್ ಬಂತು, ಅಪ್ಪನ ಹೆಸರಿನಲ್ಲಿ. ನಾಳೆ ಬೆಳ್ತಂಗಡಿಯಲ್ಲಿ ಒಪ್ಪಂದಕ್ಕೆ ಸಹಿ. ಇವತ್ತು ಬೆಳಿಗ್ಗೆ ವಾಮದಪದವಿನ ಪೇಟೆಯಲ್ಲಿ ಧನಿಗಳು ಕಾರು ನಿಲ್ಲಿಸಿ, “ಮಾಯಿಲ, ಮಗಳ ಮಾತು ಕೇಳಿ ಕಂಟ್ರಾಕ್ಟರ್ ಆದಿಯಾ? ಬಿದ್ದರೆ ಹಿಡಿಯುವವ ನಾನಲ್ಲ” ಎಂದರಂತೆ. ಅಪ್ಪ, “ಹಿಡಿಯುವವರ ಕಾಗದ ಕಿಸೆಯಲ್ಲಿ ಉಂಟು, ಧನಿಗಳೇ” ಎಂದರಂತೆ. ಧನಿಗಳೇ ಎನ್ನುವುದನ್ನು ಅವರು ಬಿಡಲಾರರು. ಎರಡನೆಯ ಸಲ ತುಂಬಿದ ಅರ್ಜಿಯಲ್ಲಿ ಬಿಟ್ಟಿದ್ದಾರೆ, ನನಗೆ ಅಷ್ಟು ಸಾಕು. ಇದರಿಂದ ಧನಿಗಳಲ್ಲಿ ನಿನಗೆ ಕಷ್ಟವಾದರೆ ಹೇಳು, ಕೇಳಿಸಿಕೊಳ್ಳುತ್ತೇನೆ. ಆದರೆ ಟೆಂಡರ್ ಹಿಂದೆ ಕೊಡುವುದಿಲ್ಲ.

ಅತ್ತಿಗೆಗೆ ನನ್ನ ನೆನಪು. ಅಮ್ಮನ ಆಶೀರ್ವಾದ ಈ ಕಾಗದದೊಂದಿಗೆ ಉಂಟು. ದೈವ ದೇವರು ನಿಮ್ಮಿಬ್ಬರನ್ನೂ ಚೆನ್ನಾಗಿ ಇಡಲಿ.

ನಿನ್ನ ತಂಗಿ,
ಮೋಕ್ಷಿತಾ

ಮತ್ತೊಂದು ಮಾತು. ಮರೆತು ಬಿಟ್ಟದ್ದಲ್ಲ, ಬರೆಯಲು ಕೈ ಬರಲಿಲ್ಲ. ಕನ್ಯಾನದಿಂದ ಹಿಂದೆ ಬರುವಾಗ ಮೇಡಂ ವಿಚಾರಣೆಗೆಂದು ಧನಿಗಳ ಇಂಜಿನಿಯರಿಗೆ ಫೋನ್ ಮಾಡಿ, ಮಾಯಿಲಪ್ಪ ಎಂಬವರು ಗೊತ್ತೇ ಎಂದು ಕೇಳಿದರು. “ನಮ್ಮಲ್ಲಿ ಕೂಲಿಗೆ ಬರ್ತಿದ್ದವ, ಹೆಚ್ಚು ಪರಿಚಯ ಇಲ್ಲ” ಎಂದೆ ನೀನು. ಫೋನ್ ಸ್ಪೀಕರಿನಲ್ಲಿತ್ತು. ಅಪ್ಪ ಹಿಂದಿನ ಸೀಟಿನಲ್ಲಿದ್ದರು. “ಗೋಡೆ ಬೇರೆ ಹೇಳ್ತದೆ” ಎಂದು ಮೇಡಂ ಫೋನ್ ಇಟ್ಟರು. ನೀನು ಯಾರೆಂದು ಅವರಿಗೆ ಗೊತ್ತಿಲ್ಲ, ನಾವೂ ಹೇಳಲಿಲ್ಲ. ಜೀಪು ಇಳಿದ ಮೇಲೆ ಅಪ್ಪ ನನ್ನಲ್ಲಿ ಕೇಳಿದ್ದು ಇಷ್ಟೇ: “ಅವನಿಗೆ ಶೀತ ಆಗಿದೆಯಾ? ಸ್ವರ ಕಟ್ಟಿದ ಹಾಗಿತ್ತು.”